ಹಲಸಿನ ತಿರುವಿನ ಡಬ್ಬಿ

ಕಾಫಿ ಹೂ ಬಿಟ್ಟಿರುವಾಗ ತೋಟದೊಳಗೆ ಕಾಲಿಡಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹೂಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಗಿಡವೆಲ್ಲ ಬೆಳ್ಳಗಾಗುತ್ತದೆ. ಆ ಹೂ ಉದುರುವವರೆಗೆ ಆಳುಗಳನ್ನು ಬೇರೆ ಕೆಲಸಕ್ಕೆ ಹಚ್ಚುತ್ತೇವೆ, ದನವನ್ನು ಆ ಕಡೆ ಬಿಡುವುದಿಲ್ಲ. ಅಂಥ ಒಂದು ಬೆಳಿಗ್ಗೆ ನಾನು ಕಣದಲ್ಲಿ ಮೆಣಸು ಹರಡುತ್ತಿದ್ದಾಗ ನನ್ನ ತೋಟದ ನಡುವಿನಿಂದ ಗಂಡಸೊಬ್ಬ "ಓ ಹೋಯ್" ಎಂದು ಕೂಗಿದ. ಒಂದು ಸಲ ಕೂಗಿದ್ದರೆ ದಾರಿ ತಪ್ಪಿದವನು ಎಂದುಕೊಳ್ಳಬಹುದಿತ್ತು. ಆತ ಕೂಗುತ್ತಲೇ ಇದ್ದ. ಪ್ರತಿ ಕೂಗಿಗೂ ಸ್ವಲ್ಪ ಕೆಳಗಿನಿಂದ ಹೆಂಗಸೊಬ್ಬಳು "ಕೇಳಿಸ್ತಾ ಇದೆ, ಇನ್ನೂ ಕೇಳಿಸ್ತಾ ಇದೆ" ಎನ್ನುತ್ತಿದ್ದಳು.

ಮೆಣಸು ಎಳೆಯುವ ಹಲಗೆಯನ್ನು ಕೈಯಲ್ಲಿ ಹಿಡಿದೇ ಮೇಲೆ ಹತ್ತಿದೆ. ಗಂಡಸಿನ ತಲೆಯಲ್ಲಿ ಗದ್ದಕ್ಕೆ ದಾರ ಕಟ್ಟಿದ ಟೋಪಿ, ಕೊರಳಲ್ಲಿ ದಿಕ್ಸೂಚಿ. ಹೆಂಗಸು ಒಂದು ಕೈಯನ್ನು ಕಿವಿಗೆ ಹಿಡಿದು ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಳು. ಅವಳ ಬೆನ್ನಿಗೆ ತಾಗಿ ಹೂವಿನ ಗೊಂಚಲುಗಳು ಅಲ್ಲಾಡುತ್ತಿದ್ದವು. ಗಂಡಹೆಂಡತಿ ಇರಬೇಕು, ಬೇರೆ ಯಾರೂ ಇಷ್ಟು ತಾಳ್ಮೆಯಿಂದ ಒಬ್ಬರ ಕೂಗು ಒಬ್ಬರು ಕೇಳಿಸಿಕೊಳ್ಳುವುದಿಲ್ಲ.

"ಎಂಥ ಮಾಡ್ತಿದೀರಿ ಇಲ್ಲಿ?" ಎಂದೆ.

"ಅಳೀತಾ ಇದೀವಿ ಆಂಟಿ" ಎಂದಳು ಅವಳು, ನಾನು ಆಟಕ್ಕೆ ಸೇರಲು ಬಂದವಳೋ ಎಂಬಂತೆ ನಗುತ್ತ. ಕಾಗದ ತೋರಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿತ್ತು: ಕೊಟ್ಟಿಗೆಯಿಂದ ಒಂದು ಕೂಗಳತೆ ಕೆಳಗೆ, ಹಲಸಿನ ತಿರುವು, ಪೊಟರೆಯಲ್ಲಿ ನೋಡಿ. "ಕೂಗಳತೆ ಅಂದ್ರೆ ಕೂಗಿದ್ರೆ ಕೇಳಿಸೋಷ್ಟು ದೂರ ಅಂತ ಹೇಳಿದ್ರು. ಆದ್ರೆ ಎಲ್ಲಿ ನಿಂತ್ರೂ ಕೇಳಿಸ್ತಾ ಇದೆ. ಹಲಸಿನ ಮರಾನೂ ಕಾಣ್ತಿಲ್ಲ."

ಕಾಣುವುದು ಹೇಗೆ? ಆ ಮರ ಉರುಳಿ ಆರು ವರ್ಷವಾಯಿತು. ನಮ್ಮಲ್ಲಿ ಮರ ಹೋದರೂ ಅದರ ಹೆಸರು ಹೋಗುವುದಿಲ್ಲ. ಬಸರಿಕಟ್ಟೆಯಲ್ಲಿ ಬಸರಿ ಇಲ್ಲದಿದ್ದರೂ ಬಸ್ಸು ಅಲ್ಲೇ ನಿಲ್ಲುತ್ತದೆ. ಹೊರಗಿನವರಿಗೆ ದಾರಿ ಹೇಳುವಾಗಲೂ ಇಲ್ಲದ ಮರವನ್ನೇ ಗುರುತು ಹೇಳಿ ಕಳಿಸುವುದು ನಮ್ಮವರ ಹಳೆಯ ದಡ್ಡತನ. ಅವರಿಬ್ಬರು ಬೆಳಿಗ್ಗೆಯಿಂದ ನೀರು ಕುಡಿಯಲು, ಬಿಸ್ಕತ್ತು ತಿನ್ನಲು ಕೂತಿದ್ದೇ ಆ ಹಲಸಿನ ಬುಡದ ಮೇಲೆ. ಬಿಸ್ಕತ್ತಿನ ಪುಡಿಗೆ ಆಗಲೇ ಇರುವೆ ಮುತ್ತಿತ್ತು.

"ಕಾಗದ ಕೊಟ್ಟೋರು ಯಾರು?" ಎಂದು ಕೇಳಿದೆ. ಕೇಳುವ ಅಗತ್ಯವಿರಲಿಲ್ಲ. ಆ ಜಾಗವನ್ನು ಹಲಸಿನ ತಿರುವು ಎಂದು ಕರೆಯುವುದು ನಮ್ಮ ಮನೆಯವರು ಮಾತ್ರ.

"ಮೇಲಿನ ಹೋಂಸ್ಟೇ ಆಂಟಿ" ಎಂದಳು.

ಮೇಲಿನ ಹೋಂಸ್ಟೇ ಎಂದರೆ ನನ್ನ ಮೈದುನನ ಮನೆ. ಆಂಟಿ ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾವಿಬ್ಬರು ಮಾತು ಬಿಟ್ಟು ಆರು ವರ್ಷವಾಗಿತ್ತು.

ಆಟ ಏನೆಂದು ಟೋಪಿಯವನು ವಿವರಿಸಿದ. ಪ್ರಪಂಚದ ತುಂಬ ಜನ ಸಣ್ಣ ಡಬ್ಬಿಗಳನ್ನು ಅಲ್ಲಲ್ಲಿ ಬಚ್ಚಿಡುತ್ತಾರಂತೆ. ಜಾಗದ ಲೆಕ್ಕವನ್ನು ಇಂಟರ್ನೆಟ್ಟಿಗೆ ಹಾಕುತ್ತಾರಂತೆ. ಬೇರೆಯವರು ಜಿಪಿಎಸ್ ಯಂತ್ರ ಹಿಡಿದು ಹುಡುಕಿಕೊಂಡು ಬಂದು, ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡು, ಇನ್ನೊಂದು ವಸ್ತು ಹಾಕಿ, ಇದ್ದಲ್ಲೇ ಇಟ್ಟು ಹೋಗುತ್ತಾರಂತೆ. ಸಿಗುವುದೇನು ಎಂದರೆ ಏನೂ ಇಲ್ಲ, ಹುಡುಕಿದ ಸಂತೋಷ. ನಮ್ಮ ಕಡೆ ಮೊಬೈಲಿನಲ್ಲಿ ನಕ್ಷೆ ಬರುವುದಿಲ್ಲವಲ್ಲ, ಅದಕ್ಕೆ ಯಂತ್ರವಿಲ್ಲದೆ, ಬರೀ ಸುಳಿವು ಹಿಡಿದು ಹುಡುಕುವ ಆಟ ಮಾಡಿದ್ದಾರಂತೆ. ಹಿಂದಿನ ತಿಂಗಳು ಬಂದಿದ್ದ ಅತಿಥಿಯೊಬ್ಬಳು ನನ್ನ ಓರಗಿತ್ತಿಗೆ ಇದನ್ನು ಕಲಿಸಿ, ಡಬ್ಬಿಯನ್ನೂ ಕೊಟ್ಟು ಹೋಗಿದ್ದಳಂತೆ. "ಜಿಪಿಎಸ್ ಇಲ್ದೆ ಹುಡುಕೋದು ತುಂಬಾ ಅಥೆಂಟಿಕ್ ಆಂಟಿ" ಎಂದ.

ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ನಮ್ಮಜ್ಜಿ ಕಳೆದುಹೋದ ಎಮ್ಮೆಯನ್ನು ಗೊಬ್ಬರದ ಗುರುತು ಹಿಡಿದು ಹುಡುಕುತ್ತಿದ್ದಳು, ಸಿಕ್ಕರೆ ಹಾಲು, ಸಿಗದಿದ್ದರೆ ಬೈಗುಳ. ಯಂತ್ರವಿಲ್ಲದೆ ಹುಡುಕಿದ್ದಕ್ಕೆ ಯಾರೂ ಅವಳ ಫೋಟೋ ತೆಗೆಯಲಿಲ್ಲ. ದೇವರಮನೆ ಗುಡ್ಡಕ್ಕೆ ಹೋಗಿ ಮಂಜಿನ ಎದುರು ಕೈ ಚಾಚಿ ನಿಂತು ಫೋಟೋ ತೆಗೆಸಿಕೊಳ್ಳುವ ಜನರನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿದೆ. ಅವರು ಕೊನೆಗೂ ಮಂಜನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಇವರು ನನ್ನ ತೋಟಕ್ಕೇ ಬಂದಿದ್ದರು.

"ದಾರಿ ಮುಚ್ಚಿತ್ತಲ್ಲ, ಕಾಣ್ಲಿಲ್ವಾ? ಉಣುಗೋಲು ಹಾಕಿ, ಮುಳ್ಳು ಬೇರೆ ಇಟ್ಟಿದೀನಿ."

"ಅದೂ ಆಟದ ಭಾಗ ಅಂದ್ಕೊಂಡ್ವಿ ಆಂಟಿ."

ಈ ಮಾತಿಗೆ ಅವತ್ತು ಅವರನ್ನು ಹಲಗೆಯಲ್ಲಿ ಎಳೆದು ಕಣಕ್ಕೆ ಹರಡಬೇಕೆನಿಸಿತು. ಏಕೆಂದರೆ ಆ ಉಣುಗೋಲು, ಎರಡು ತೂತಿನ ಕಂಬಗಳ ನಡುವೆ ಅಡ್ಡ ತೂರಿಸಿದ ಆ ಮೂರು ಬಿದಿರಿನ ಗಳು, ನನ್ನ ಗಂಡ ಬಿಟ್ಟು ಹೋದ ಕೊನೆಯ ಕೆಲಸ.

ಅದರ ಕಥೆ ಇಷ್ಟು. ಪಾಲಾದಾಗ ರಸ್ತೆಯ ಕಡೆಯ ಕೆಳಗಿನ ತೋಟ ನಮಗೆ ಬಂತು, ಮೇಲಿನದು ಮೈದುನನಿಗೆ. ಮೇಲಿನ ಮನೆಯಿಂದ ರಸ್ತೆಗೆ ಇಳಿಯುವ ಕಾಲುದಾರಿ ನಮ್ಮ ತೋಟದಲ್ಲೇ, ನಮ್ಮ ಕಣದ ಹಿಂದೆ ಹಾದು ಹೋಗುತ್ತಿತ್ತು. ಕಳಸದ ಬಸ್ಸು ಹಿಡಿಯಲು ಅವರಿಗೆ ಅದೇ ಹತ್ತಿರ. ನಡೆಯಲು ನಾವು ಬೇಡ ಅಂದಿರಲಿಲ್ಲ. ಮೈದುನ ಹೋಂಸ್ಟೇ ಶುರುಮಾಡಿದ ಮೇಲೆ ಕಾಲುದಾರಿ ಸಾಲದಾಯಿತು, ಜೀಪು ಬರಬೇಕಾಯಿತು. ನನ್ನವರು ಆಗುವುದಿಲ್ಲ ಎಂದರು. ನಾವು ಕಳಸಕ್ಕೆ ಒಂದು ಮದುವೆಗೆ ಹೋಗಿದ್ದ ದಿನ ಮೈದುನ ಆಳು ಕರೆಸಿ, ತಿರುವಿನಲ್ಲಿ ಜೀಪಿಗೆ ಅಡ್ಡವಾಗುತ್ತಿದ್ದ ಹಲಸಿನ ಮರವನ್ನು ಕಡಿಸಿ ಮಲಗಿಸಿದ್ದ. ಮಾವ ನೆಟ್ಟ ಮರ. ನನ್ನವರು ಬೈಯಲಿಲ್ಲ. ಬುಡದ ಹತ್ತಿರ ಸ್ವಲ್ಪ ಹೊತ್ತು ನಿಂತರು. "ಮರ ಕಡಿದವನು ಆ ದಾರೀಲಿ ನಡೀಬಾರ್ದು" ಎಂದರು. ಮಾರನೆಯ ದಿನ ಕಂಬ ನೆಟ್ಟು ಉಣುಗೋಲು ಹಾಕಿದರು. ಮೇಲಿನವರಿಗೆ ಗುಡ್ಡ ಸುತ್ತಿ ಹೋಗುವ ದೂರದ ಜೀಪುರಸ್ತೆಯೊಂದೇ ಉಳಿಯಿತು. ಗಂಡಂದಿರು ಮಾತು ಬಿಟ್ಟರು, ಹೆಂಡತಿಯರೂ ಬಿಟ್ಟೆವು. ಹಾಗೆ ಬಿಡದಿದ್ದರೆ ಗಂಡನ ಕಡೆಯವಳಲ್ಲ ಎಂದಾಗುತ್ತದೆ, ನಮ್ಮ ಕಡೆಯ ನಿಯಮ ಅದು. ಎರಡು ವರ್ಷಕ್ಕೆ ನನ್ನವರು ಹೃದಯ ನಿಂತು ಹೋದರು. ಮೈದುನ ಆ ದಾರಿ ರೂಢಿಯ ದಾರಿ, ಬಿಡಿಸಿಕೊಡಿ ಎಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಿದ್ದ. ಸ್ಥಳ ನೋಡಲು ಅಧಿಕಾರಿ ಬರುತ್ತಾರೆ ಎನ್ನುತ್ತಲೇ ವರ್ಷಗಳಾದವು. ಬಂದಾಗ ದಾರಿ ಮುಚ್ಚಿಯೇ ಇರಬೇಕು, ತರಗೆಲೆ ಬಿದ್ದು ಹೂತು ಹೋಗಿರಬೇಕು. ಹೋದ ಮನುಷ್ಯನ ಒಂದು ಮಾತನ್ನಾದರೂ ನಾನು ಉಳಿಸಿಕೊಡಬೇಕು. ನನಗೆ ಬೇರೆ ಆಸೆ ಇರಲಿಲ್ಲ.

ಹೀಗಿರುವಾಗ ಅವಳು ಡಬ್ಬಿ ಇಟ್ಟದ್ದೆಲ್ಲಿ? ಉಣುಗೋಲಿನಿಂದ ಈಚೆ, ನನ್ನ ಜಾಗದಲ್ಲಿ, ಅವಳ ಗಂಡ ಕಡಿಸಿದ ಮರದ ಬುಡದ ಪೊಟರೆಯೊಳಗೆ.

ಟೋಪಿಯವರನ್ನು ಕಣದ ಬದಿಯಿಂದ ರಸ್ತೆಗೆ ಅಟ್ಟಿ ನಾನೇ ಪೊಟರೆಗೆ ಕೈ ಹಾಕಿದೆ. ಹುಡುಕಬೇಕಾಗಲಿಲ್ಲ, ಕೈ ತಾನೇ ಹೋಯಿತು. ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಕೀಚೈನು, ಒಂದು ರಬ್ಬರು, ಯಾವುದೋ ದೇಶದ ತೂತಿನ ನಾಣ್ಯ, ಅರ್ಧ ಹಲ್ಲು ಹೋದ ಬಾಚಣಿಗೆ ಕ್ಲಿಪ್ಪು. ಇದಕ್ಕಾಗಿ ಹಗಲು ಪೂರ ಗಂಟಲು ಹರಿದುಕೊಳ್ಳುವ ಜನ. ನಮ್ಮ ಕೊಟ್ಟಿಗೆ ಗುಡಿಸಿದರೆ ಇದಕ್ಕಿಂತ ಒಳ್ಳೆಯದು ಸಿಗುತ್ತದೆ.

ನನ್ನವರ ಗೆಳೆಯರೊಬ್ಬರು ಆಲ್ದೂರಿನಲ್ಲಿದ್ದಾರೆ. ದೊಡ್ಡ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಕಾನೂನು ಓದಿಲ್ಲ, ಆದರೆ ಓದಿದವರಿಗಿಂತ ಧೈರ್ಯವಾಗಿ ಹೇಳುತ್ತಾರೆ. ಅವರನ್ನು ಕೇಳಲು ಬಸ್ಸು ಹತ್ತಿ ಹೋದೆ.

"ಇದು ಆಟ ಅಲ್ಲ ಮಾರಾಯ್ತಿ, ಮಸಲತ್ತು" ಎಂದರು ಅವರು, ಕಾಫಿ ಲೋಟವನ್ನು ಸಾಕ್ಷಿಯಂತೆ ಎತ್ತಿ ಹಿಡಿದು. "ಊರವರ ಕಾಲು ಆ ದಾರೀಲಿ ಬೀಳ್ಬೇಕು, ದಾರಿ ಸವೀಬೇಕು. ಆಮೇಲೆ ಸಾಹೇಬರು ಬಂದು ನೋಡಿದ್ರೆ ಎಂಥ ಬರೀತಾರೆ? ಜನ ಓಡಾಡೋ ದಾರಿ ಅಂತ ಬರೀತಾರೆ."

"ಡಬ್ಬಿ ಹೊಳೆಗೆ ಎಸೀಲಾ?"

"ಎಸೆದ್ರೆ ಕಳ್ಳತನ ಅಂತಾರೆ. ಅವರ ಡಬ್ಬಿ, ಅವರ ಜಾಗದಲ್ಲೇ ಇಟ್ಟು ಬಾ. ಹುಡುಕೋರು ಅವರ ಅಂಗಳದಲ್ಲೇ ಕೂಗ್ಲಿ."

ಈ ಬುದ್ಧಿ ನನಗೆ ಬಹಳ ಹಿಡಿಸಿತು. ಅವತ್ತು ಸಂಜೆಯೇ ಮುಳ್ಳು ಸರಿಸಿ, ಗಳು ಎಳೆದು, ಉಣುಗೋಲು ದಾಟಿ, ಅವರ ಬೇಲಿಯೊಳಗಿನ ಸಿಲ್ವರ್ ಓಕ್ ಮರದ ಬುಡದಲ್ಲಿ, ಮೆಣಸಿನ ಬಳ್ಳಿಯ ಹಿಂದೆ ಡಬ್ಬಿ ಇಟ್ಟೆ. ಗಳು ತೂರಿಸಿ, ಮುಳ್ಳು ಎಳೆದು, ಇಳಿದು ಬಂದೆ. ಆರು ವರ್ಷದಲ್ಲಿ ಉಣುಗೋಲಿನ ಆಚೆ ಕಾಲಿಟ್ಟಿದ್ದು ಅದೇ ಮೊದಲು. ಮನಸ್ಸಿಗೆ ಎಷ್ಟು ತಂಪಾಯಿತೆಂದರೆ ರಾತ್ರಿ ಇನ್ನೊಂದು ತುತ್ತು ಹೆಚ್ಚು ಊಟ ಮಾಡಿದೆ.

ಮಾತು ಬಿಟ್ಟವರು ನಮ್ಮಲ್ಲಿ ಮಾತಾಡುವುದಿಲ್ಲ ಎಂದೇನೂ ಇಲ್ಲ. ನಾಯಿಗೆ ಹೇಳುತ್ತಾರೆ, ದನಕ್ಕೆ ಹೇಳುತ್ತಾರೆ, ಮುಟ್ಟಬೇಕಾದವರ ಕಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ. ಮೂರು ದಿನಕ್ಕೆ ಮೇಲಿನ ಅಂಗಳದಿಂದ ಓರಗಿತ್ತಿಯ ದನಿ ಇಳಿದು ಬಂತು.

"ಏ ನಾಯಿ, ನಿನಗೆ ಗೊತ್ತುಂಟಾ? ಇಟ್ಟಿದ್ದು ಇಟ್ಟಲ್ಲಿ ಇರಲ್ಲ ಈ ಕಾಲದಲ್ಲಿ. ಕೆಲವರಿಗೆ ಕೈ ತುರಿಕೆ."

ನಾನು ಕರುವಿಗೆ ಹೇಳಿದೆ, "ನೋಡು, ಕೆಲವರಿಗೆ ಬೇಲಿ ಯಾವುದು ಬೀದಿ ಯಾವುದು ಗೊತ್ತಾಗಲ್ಲ. ಓದಿಸಿದ್ದು ದಂಡ."

ಮರುದಿನ ನೋಡಿದರೆ ಡಬ್ಬಿ ಮತ್ತೆ ಹಲಸಿನ ಪೊಟರೆಯಲ್ಲಿತ್ತು. ನಾನು ಮತ್ತೆ ಮೇಲೆ ಇಟ್ಟೆ. ಅವಳು ಮತ್ತೆ ಕೆಳಗೆ ಇಟ್ಟಳು. ನಡುವೆ ಅತಿಥಿಗಳು ಬರುತ್ತಿದ್ದರು, ಕಾಗದ ಹಿಡಿದು ಅತ್ತ ಇತ್ತ ನೋಡಿ, ಎರಡು ಸಲ ಕೂಗಿ, ಸೊಳ್ಳೆ ಕಚ್ಚಿಸಿಕೊಂಡು ವಾಪಸು ಹೋಗುತ್ತಿದ್ದರು. ಒಬ್ಬ ದಿಕ್ಸೂಚಿ ನೋಡುತ್ತ ನೋಡುತ್ತ ನಮ್ಮ ಗೊಬ್ಬರದ ಗುಂಡಿಗೆ ಮೊಣಕಾಲವರೆಗೆ ಇಳಿದ. ದಿಕ್ಕು ಸರಿಯಾಗಿಯೇ ಇತ್ತಂತೆ. ಆಮೇಲಾಮೇಲೆ ಮೇಲಿನವರು ಸುಳಿವಿನ ಕಾಗದ ಕೊಡುವುದನ್ನೇ ಬಿಟ್ಟರು ಎಂದು ಕಾಣುತ್ತದೆ, ಕೂಗು ನಿಂತಿತು. ಡಬ್ಬಿ ಮಾತ್ರ ಹತ್ತುವುದು ಇಳಿಯುವುದು ನಿಲ್ಲಲಿಲ್ಲ. ಅವಳು ಸೋಲಲಿ ಎಂದು ನಾನು, ನಾನು ಸೋಲಲಿ ಎಂದು ಅವಳು.

ಒಂದು ದಿನ ಡಬ್ಬಿ ಭಾರವಾಗಿತ್ತು. ತೆರೆದೆ. ಕೀಚೈನು, ರಬ್ಬರು ಎಲ್ಲವನ್ನೂ ಒತ್ತಿ ಬದಿಗೆ ಸರಿಸಿ, ನಡುವೆ ಒಂದು ಪುಟ್ಟ ಸ್ಟೀಲ್ ಡಬ್ಬಿ. ಅದರಲ್ಲಿ ಚಗಳಿ ಚಟ್ನಿ. ಕಾಫಿ ಗಿಡದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಉಪ್ಪು ಕಾರ ಹಾಕಿ ಅರೆದ ಚಟ್ನಿ. ನಮ್ಮ ಮನೆಯಲ್ಲಿ ಅದನ್ನು ಮಾಡುತ್ತಿದ್ದವಳು ಅವಳೊಬ್ಬಳೇ, ನನಗೆ ಗೂಡು ಕೊಯ್ಯುವ ಧೈರ್ಯ ಇರಲಿಲ್ಲ. ಆರು ವರ್ಷದಿಂದ ನಾನು ಅದನ್ನು ತಿಂದಿರಲಿಲ್ಲ. ಅಲ್ಲೇ ಬುಡದ ಮೇಲೆ ಕೂತು ಬೆರಳಲ್ಲಿ ಅದ್ದಿ ನೆಕ್ಕಿದೆ. ಉಪ್ಪು ಜಾಸ್ತಿ. ಮದುವೆಯಾಗಿ ಬಂದಾಗಿನಿಂದಲೂ ಅವಳ ಕೈಯಲ್ಲಿ ಉಪ್ಪು ಜಾಸ್ತಿಯೇ, ಅತ್ತೆ ಹೇಳಿ ಹೇಳಿ ಸಾಕಾಗಿ ತೀರಿಕೊಂಡರು. ಡಬ್ಬಿ ಪೂರ ಖಾಲಿ ಮಾಡಿದೆ.

ಆ ಪೊಟರೆಗೆ ನನ್ನ ಕೈ ತಾನೇ ಹೋಯಿತು ಎಂದೆನಲ್ಲ, ಅದಕ್ಕೂ ಕಾರಣವಿದೆ. ನಾವಿಬ್ಬರೂ ಹೊಸ ಸೊಸೆಯರಾಗಿದ್ದಾಗ ಒಬ್ಬಳಿಗೆ ಅಡುಗೆಮನೆ, ಇನ್ನೊಬ್ಬಳಿಗೆ ತೋಟದ ಉಸ್ತುವಾರಿ, ವಾರ ಬಿಟ್ಟು ವಾರ. ಕರಿದ ತಿಂಡಿ ಅತ್ತೆಯ ಬೀಗದೊಳಗೆ. ಅಡುಗೆಮನೆಯಲ್ಲಿದ್ದವಳು ಕಣ್ಣು ತಪ್ಪಿಸಿ ಎರಡು ಕೋಡುಬಳೆಯನ್ನು ಡಬ್ಬಿಯಲ್ಲಿ ಹಾಕಿ ಹಲಸಿನ ಪೊಟರೆಯಲ್ಲಿ ಇಡುವುದು, ತೋಟದಲ್ಲಿದ್ದವಳು ತಿಂದು ಅದೇ ಡಬ್ಬಿಯಲ್ಲಿ ನೇರಳೆಯೋ ಪೇರಳೆಯೋ ತುಂಬಿ ಇಡುವುದು. ಯಾಕೆಂದರೆ ಪಾತ್ರೆಯನ್ನು ಖಾಲಿ ಕಳಿಸಬಾರದು. ಯಾರ ಮನೆಯಿಂದ ಏನು ಬಂದರೂ ಪಾತ್ರೆ ತಿರುಗಿ ಹೋಗುವಾಗ ಅದರಲ್ಲಿ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ, ಖಾಲಿ ಕೊಡಲು ನನಗೆ ಮನಸ್ಸೇ ಬರುವುದಿಲ್ಲ. ಒಂದು ತೆಗೆದು ಒಂದು ಹಾಕುವ ಇದೇ ಕೆಲಸಕ್ಕೆ ಈಗ ಟೋಪಿ ಬೇಕು, ದಿಕ್ಸೂಚಿ ಬೇಕು, ಇಂಗ್ಲಿಷ್ ಹೆಸರು ಬೇಕು. ಮೇಲಿಂದ ಹೋಂಸ್ಟೇಯ ಬಿಲ್ಲು.

ಸ್ಟೀಲ್ ಡಬ್ಬಿಯನ್ನು ತೊಳೆದೆ. ಖಾಲಿ ಇಡಲು ಆಗಲಿಲ್ಲ. ಹಲಸಿನ ಹಪ್ಪಳವನ್ನು ಮುರಿದು ತುಂಬಿಸಿ, ಹಸಿರು ಡಬ್ಬಿಯೊಳಗೆ ಇಟ್ಟು, ಮೇಲೆ ಹತ್ತಿ, ಅವರ ಸಿಲ್ವರ್ ಬುಡದಲ್ಲಿ ಇಟ್ಟು ಬಂದೆ. ಇದು ರಾಜಿಯಲ್ಲ. ಪಾತ್ರೆಯ ಮರ್ಯಾದೆ ಬೇರೆ, ದಾರಿಯ ಜಗಳ ಬೇರೆ. ಇಷ್ಟು ವ್ಯತ್ಯಾಸ ತಿಳಿಯದವರಿಗೆ ನಾನು ಹೇಳಿ ಪ್ರಯೋಜನವಿಲ್ಲ.

ಅವಳು ಅಪ್ಪೆಮಿಡಿ ಇಟ್ಟಳು, ನಾನು ಬಾಳೆಕಾಯಿ ಚಿಪ್ಸು ಇಟ್ಟೆ. ಅವಳು ಕೆಸುವಿನ ದಂಟಿನ ತೊಕ್ಕು ಇಟ್ಟಳು, ಗಂಟಲು ತುರಿಸಿತು, ಬೇಕೆಂದೇ ಮಾಡಿದ್ದಾಳೆ ಎಂದು ಕರುವಿಗೆ ಹೇಳಿದೆ. "ಏ ನಾಯಿ, ತೊಕ್ಕಿಗೆ ಹುಳಿ ಸಾಲ್ಲಿಲ್ಲ ಅಂತ ಕಾಣುತ್ತೆ" ಎಂದು ಮೇಲಿನಿಂದ ಉತ್ತರ ಬಂತು. ಅವಳ ಮೊಣಕಾಲು ನೋವು ಜಾಸ್ತಿಯಾಗಿದೆ, ಬಸ್ಸಿಗೆಂದು ಜೀಪುರಸ್ತೆ ಸುತ್ತಿ ನಡೆದ ದಿನ ಸಂಜೆ ಕೂತಲ್ಲಿಂದ ಏಳಲಾಗುವುದಿಲ್ಲ ಎಂಬುದೂ ನಾಯಿಯ ಮೂಲಕವೇ ನನಗೆ ತಿಳಿಯಿತು. ತಿಳಿದು ನಾನು ಮಾಡುವುದೇನಿತ್ತು? ಅವಳ ಗಂಡ ಮರ ಕಡಿಯುವಾಗ ಯೋಚಿಸಬೇಕಿತ್ತು. ನೋವಿಗೆ ಹಚ್ಚುವ ಎಣ್ಣೆಯ ಸಣ್ಣ ಬಾಟಲಿ ಡಬ್ಬಿಯಲ್ಲಿ ಹಿಡಿಯುತ್ತಿತ್ತು, ಅದಕ್ಕೆ ಇಟ್ಟೆ.

ಮೇ ತಿಂಗಳಲ್ಲಿ ಅಧಿಕಾರಿ ಬಂದರು. ಹಿಂದಿನ ಸಂಜೆ ಒಂದು ಹದ ಮಳೆ ಬಿದ್ದಿತ್ತು.

ನಾನು ಸಿದ್ಧವಾಗಿಯೇ ಇದ್ದೆ. ಮುಳ್ಳನ್ನು ಬೆಳಿಗ್ಗೆಯೇ ಹೊಸದಾಗಿ ಕಡಿದು ಹಾಕಿದ್ದೆ. ರೈಟರು ಹೇಳಿಕೊಟ್ಟ ಮಾತು ಬಾಯಿಪಾಠವಾಗಿತ್ತು: ಈ ದಾರಿಯನ್ನು ಯಾರೂ ಬಳಸುವುದಿಲ್ಲ, ಬಳಸಿದ್ದರೆ ಮೇಲಿನವರು ಕಳಿಸಿದ ಟೂರಿಸ್ಟುಗಳು, ಆಟದ ನೆಪದಲ್ಲಿ ಅತಿಕ್ರಮಣ. ಅಧಿಕಾರಿ ವಯಸ್ಸಾದವರು, ಪ್ಯಾಂಟಿನ ತುದಿ ಮಡಚಿಕೊಂಡು, ಕೊಡೆಯನ್ನೇ ಊರುಗೋಲು ಮಾಡಿಕೊಂಡು ಬಂದರು. ಮೈದುನ ಉಣುಗೋಲಿನ ಆಚೆ ನಿಂತಿದ್ದ. ಅವನ ಹಿಂದೆ ಓರಗಿತ್ತಿ, ಪಕ್ಕದಲ್ಲಿ ಅದೇ ನಾಯಿ. ನಾನು ಈಚೆ, ಹಲಸಿನ ಬುಡದ ಹತ್ತಿರ.

ಅಧಿಕಾರಿ ಕೆಳಗಿನಿಂದ ನಿಧಾನವಾಗಿ ಹತ್ತುತ್ತ ಬಂದರು. ಕೊಡೆಯ ತುದಿಯಿಂದ ತರಗೆಲೆ ಕೆದಕಿದರು. ತರಗೆಲೆಯೇ ಇರಲಿಲ್ಲ. ತೋಟದ ಎಲ್ಲ ಕಡೆ ಕಣಕಾಲಿಗೆ ತಾಗುವಷ್ಟಿದ್ದ ಕಸ ಆ ದಾರಿಯಲ್ಲಿ ಮಾತ್ರ ಪುಡಿಯಾಗಿ ಮಣ್ಣಿಗೆ ಸೇರಿತ್ತು. ಇಳಿಜಾರಿನಲ್ಲಿ ಕಾಲಿಟ್ಟಿಟ್ಟು ಮೆಟ್ಟಿಲಿನಂತೆ ಆಗಿತ್ತು. ಆರು ವರ್ಷ ಮುಚ್ಚಿದ ದಾರಿ ಹಾಗಿರುವುದಿಲ್ಲ. ಉಣುಗೋಲಿನ ಗಳುಗಳನ್ನು ಮುಟ್ಟಿ ನೋಡಿದರು. ಉಳಿದ ಬೇಲಿಯ ಬಿದಿರೆಲ್ಲ ಪಾಚಿ ಕಟ್ಟಿದ್ದರೆ ಆ ಮೂರು ಗಳು ಎಳೆದೆಳೆದು ನುಣ್ಣಗಾಗಿದ್ದವು. ನಾನು ಮೂರು ತಿಂಗಳು ದಿನಾ ನೋಡಿದ್ದೆ, ಅವತ್ತಿನವರೆಗೆ ಕಂಡಿರಲಿಲ್ಲ.

"ಮುಳ್ಳು ಹೊಸದು, ದಾರಿ ಹಳೇದು" ಎಂದರು ಅಧಿಕಾರಿ. "ಇಲ್ಲಿ ಓಡಾಡ್ತಾ ಇರೋರು ಯಾರಮ್ಮ?"

"ಟೂರಿಸ್ಟು" ಎಂದೆ. "ಮೇಲಿನವರು ಕಳಿಸ್ತಾರೆ. ಡಬ್ಬಿ ಹುಡುಕೋ ಆಟ ಅಂತೆ."

"ಟೂರಿಸ್ಟುಗಳು ಶೂ ಹಾಕ್ತಾರಲ್ಲಮ್ಮ."

ಅವರು ಬಗ್ಗಿ ನೆಲ ನೋಡಿದರು. ಹಸಿ ಮಣ್ಣಿನಲ್ಲಿ ಹವಾಯಿ ಚಪ್ಪಲಿಯ ಗುರುತು, ಹತ್ತುವುದು, ಇಳಿಯುವುದು. ಎಡಗಾಲಿನ ಹಿಮ್ಮಡಿಯಲ್ಲಿ ಸವೆದು ತೂತಾದ ಚಪ್ಪಲಿ. ತೂತಿನ ಜಾಗದಲ್ಲಿ ಮಣ್ಣು ಅಂಗಿಯ ಗುಂಡಿಯಂತೆ ಉಬ್ಬಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎಡಗಾಲನ್ನು ಸೀರೆಯ ನೆರಿಗೆಯೊಳಕ್ಕೆ ಎಳೆದುಕೊಂಡೆ. ಅಧಿಕಾರಿ ನನ್ನ ಕಾಲಿನ ಕಡೆ ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಓರಗಿತ್ತಿ ನೋಡಿದಳು.

"ನೀವು ಹೇಳಿಯಮ್ಮ" ಎಂದು ಅಧಿಕಾರಿ ಅವಳ ಕಡೆ ತಿರುಗಿದರು. "ನಿಮ್ಮ ಮನೆಯಿಂದ ಕಾಣೋ ದಾರಿ. ಯಾರು ನಡೀತಾರೆ?"

ಮೈದುನನ ಮುಖ ಅರಳಿತು. ಎಲ್ಲ ಮುಗಿಯಿತು ಎಂದು ನನಗೂ ಗೊತ್ತಾಯಿತು. ಅಕ್ಕ ನಡೀತಾರೆ ಎಂದು ಅವಳು ಅಂದರೆ ಸಾಕಿತ್ತು. ಅರ್ಜಿ ಅವರದು, ದಾರಿ ಅವರದು, ನಾಳೆ ಬೆಳಿಗ್ಗೆ ಅವಳು ಬಸ್ಸಿಗೆ ಕೆಳಗೇ ಇಳಿಯಬಹುದು. ನನ್ನವರ ಮಾತು ಮಣ್ಣಾಗುತ್ತದೆ, ಅದೂ ನನ್ನ ಚಪ್ಪಲಿಯಿಂದ.

ಓರಗಿತ್ತಿ ಅಧಿಕಾರಿಯ ಕಡೆ ನೋಡಲಿಲ್ಲ. ನಾಯಿಯ ತಲೆ ಸವರುತ್ತ ಹೇಳಿದಳು, "ಏ ನಾಯಿ, ಸಾಹೇಬರಿಗೆ ಹೇಳು. ಭಾವ ಮುಚ್ಚಿದ ದಾರಿ ಅದು. ಅಲ್ಲಿ ಯಾರೂ ನಡಿಯಲ್ಲ."

ಮೈದುನ ಅವಳ ಕಡೆ ತಿರುಗಿದ ರಭಸಕ್ಕೆ ಟವೆಲು ಹೆಗಲಿನಿಂದ ಜಾರಿತು. "ಎಂಥ ಮಾತಾಡ್ತೀಯ? ಆ ಗುರುತು ಯಾರದ್ದು ಮತ್ತೆ?"

"ನಂಗೆ ಗೊತ್ತಿಲ್ಲ" ಎಂದಳು. "ಯಾರೂ ನಡಿಯಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಅರ್ಜಿದಾರರ ಮನೆಯವರೇ ಯಾರೂ ನಡೆಯಲ್ಲ ಅಂತಾರೆ. ಹಾಗೇ ಬರ್ಕೊಳ್ಳಲಾ?"

ಬರೆದುಕೊಳ್ಳಿ ಎಂದರೆ ಮುಗಿಯುತ್ತಿತ್ತು. ನಾನು ಗೆದ್ದಿದ್ದೆ. ಗೆದ್ದ ಕೋಪಕ್ಕೆ ನನ್ನ ಮೈಯೆಲ್ಲ ಬಿಸಿಯಾಯಿತು. ಅವಳು ಯಾರು ನನಗೆ ಕೊಡಲು? ಮೊಣಕಾಲು ಹಿಡಿದುಕೊಂಡು ಬೇಲಿಯ ಆಚೆ ನಿಂತು, ಗಂಡನ ಎದುರಿಗೆ ಸುಳ್ಳು ಹೇಳಿ, ಇಷ್ಟು ದೊಡ್ಡದನ್ನು ನನ್ನ ಕೈಗೆ ಹಾಕಿದ್ದಾಳೆ. ಅದನ್ನು ಇಟ್ಟುಕೊಂಡು ಖಾಲಿ ಕೈಯಲ್ಲಿ ನಾನು ಮನೆಗೆ ಇಳಿಯಬೇಕೆ? ದಿನಾ ರಾತ್ರಿ ನನ್ನವರ ಫೋಟೋದ ಎದುರು ದೀಪ ಹಚ್ಚುವಾಗ ಅದನ್ನೇ ನೆನೆಯಬೇಕೆ?

"ಅವಳು ಹೇಳೋದು ಸುಳ್ಳು" ಎಂದೆ. "ನಡಿಯೋದು ನಾನು."

ಸೀರೆ ಎತ್ತಿ ಎಡಗಾಲು ಮುಂದಿಟ್ಟೆ. ಅಧಿಕಾರಿ ಚಪ್ಪಲಿ ನೋಡಿದರು, ನೆಲ ನೋಡಿದರು, ಕೆಮ್ಮಿದರು.

"ಯಾಕೆ ನಡೀತೀರಮ್ಮ?"

ಇದಕ್ಕೆ ರೈಟರು ಏನೂ ಹೇಳಿಕೊಟ್ಟಿರಲಿಲ್ಲ. "ಡಬ್ಬಿ ಇಡೋಕೆ" ಎಂದೆ. ಆಗ ಕೇಳಿದವರಿಗೆ ನಾನು ಆ ಟೋಪಿಯವನಿಗಿಂತ ಬುದ್ಧಿವಂತೆ ಎಂದು ಅನ್ನಿಸಿರಲಾರದು.

"ಆದ್ರೆ ಬರ್ಕೊಳ್ಳಿ" ಎಂದೆ ಮುಂದುವರಿಸಿ. "ಕಾಲಿಗೆ ಮಾತ್ರ. ಚಕ್ರಕ್ಕಲ್ಲ. ಜೀಪು ಬಂದ್ರೆ ನಾನು ಅಡ್ಡ ಮಲಗ್ತೀನಿ. ಮತ್ತೆ ಆ ತಿರುವಿನಲ್ಲಿ ಒಂದು ಹಲಸಿನ ಗಿಡ ನೆಡ್ಬೇಕು, ಕಡಿದವನ ಕೈಯಿಂದ್ಲೇ."

ಮೈದುನ ಬಾಯಿ ತೆರೆದ. ಅಧಿಕಾರಿ ಕೊಡೆ ಎತ್ತಿದ್ದಕ್ಕೆ ಮುಚ್ಚಿಕೊಂಡ. ಅವರು ಕಾಲುದಾರಿ ಎಂದು ಬರೆದುಕೊಂಡರು, ಇಬ್ಬರ ಸಹಿ ತೆಗೆದುಕೊಂಡರು. ಹಲಸಿನ ಗಿಡ ಸರ್ಕಾರದ ಕಾಗದದಲ್ಲಿ ಬರುವುದಿಲ್ಲ, ಅದನ್ನು ನೀವೇ ನೋಡಿಕೊಳ್ಳಿ ಎಂದರು. ಸಹಿ ಹಾಕುವಾಗ ನನ್ನ ಕಣ್ಣಲ್ಲಿ ನೀರು ಬಂತು. ನನ್ನವರು ಹೋದ ದಿನವೂ ಜನರ ಮುಂದೆ ಅಳದವಳು ನಾನು. ಮೈದುನನ ಎದುರಿಗೆ ಅಳಬೇಕಾಯಿತಲ್ಲ ಎಂದು ಇನ್ನೂ ಸಿಟ್ಟು ಬಂತು.

ಗಂಡಸರು ಜೀಪಿನ ಕಡೆ ಹೋದರು. ನಾನು ಮುಳ್ಳನ್ನು ಎಳೆದು ಬದಿಗೆ ಹಾಕಿದೆ. ಗಳುಗಳನ್ನು ಒಂದೊಂದಾಗಿ ಎಳೆದು ಕಂಬಕ್ಕೆ ಒರಗಿಸಿದೆ, ನನ್ನವರು ತೂರಿಸಿದ ಗಳು, ಬೇರೆ ಯಾರ ಕೈಯಿಂದಲೂ ತೆಗೆಸಲು ಮನಸ್ಸಾಗಲಿಲ್ಲ. ಓರಗಿತ್ತಿ ಅಲ್ಲೇ ನಿಂತು ನೋಡುತ್ತಿದ್ದಳು. ನಾಯಿ ಎದ್ದು ಜೀಪಿನ ಹಿಂದೆ ಓಡಿಹೋಯಿತು. ಅವಳು ಅದನ್ನು ಕರೆಯಲಿಲ್ಲ.

ಮಾತಾಡಲು ನಾಯಿಯೂ ಇರಲಿಲ್ಲ, ಕರುವೂ ಇರಲಿಲ್ಲ.

"ಅಕ್ಕ" ಎಂದಳು ಕೊನೆಗೆ. "ಚಟ್ನಿಗೆ ಉಪ್ಪು ಜಾಸ್ತಿ ಆಗಿತ್ತಾ?"

"ಯಾವತ್ತು ಕಮ್ಮಿ ಆಗಿತ್ತು?" ಎಂದೆ.